ಅಬ್ಬರ ಬಿಟ್ಟು ಕುಳಿತ ಆ ಒಂದು ಸಂಜೆ ಇನ್ನೂ ಏಕೆ ಕಾಡುತ್ತದೆ?

ಪ್ರಶ್ನೆ: ನನ್ನ ಮಗ ದಿನವಿಡೀ ನಿರ್ವಾಣ ಬ್ಯಾಂಡಿನ ಅಕೂಸ್ಟಿಕ್ ಕಾರ್ಯಕ್ರಮದ ಹಾಡುಗಳನ್ನೇ ಕೇಳುತ್ತಾನೆ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲು ಮುಗಿದುಹೋದ ಸಂಜೆ ಅದು. ಕಿವಿ ಹರಿಯುವಂತೆ ಬಾರಿಸುವ ರಾಕ್ ತಂಡವೊಂದು ಕುರ್ಚಿಯಲ್ಲಿ ಕುಳಿತು ಮೆಲ್ಲಗೆ ಹಾಡಿದ್ದರಲ್ಲಿ ಅಂಥದ್ದೇನಿದೆ? ಗಾಯಕ ಬೇಗ ತೀರಿಕೊಂಡನಲ್ಲ, ಆ ಅನುಕಂಪವೇ ಇಷ್ಟು ವರ್ಷ ನಡೆದುಬಂದಿದೆಯೇ? (ವಿಜಯನಗರದ ಓದುಗರೊಬ್ಬರು)

ಅನುಕಂಪದ ಪಾಲು ಇಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. ನಿರ್ವಾಣ ತಂಡ ಆ ಹಾಡುಗಳನ್ನು ನ್ಯೂಯಾರ್ಕಿನ ಸೋನಿ ಸ್ಟುಡಿಯೊದಲ್ಲಿ ಹಾಡಿದ್ದು 1993ರ ನವೆಂಬರ್ 18ರಂದು, ಎಂಟಿವಿ ವಾಹಿನಿಯ ‘ಅನ್‌ಪ್ಲಗ್ಡ್’ (ಪ್ಲಗ್ ಕಿತ್ತ, ಅಂದರೆ ವಿದ್ಯುತ್ ವಾದ್ಯಗಳಿಲ್ಲದ) ಸರಣಿಗಾಗಿ. ಡಿಸೆಂಬರಿನಲ್ಲಿ ಅದು ಪ್ರಸಾರವಾಯಿತು. ನಾಲ್ಕು ತಿಂಗಳು ತುಂಬುವ ಮೊದಲೇ, 1994ರ ಏಪ್ರಿಲ್ 5ರಂದು, ಗಾಯಕ ಕರ್ಟ್ ಕೋಬೇನ್ ತನ್ನ ಜೀವ ತಾನೇ ಕಳೆದುಕೊಂಡ. ಅವನಿಗೆ ಆಗ 27 ವರ್ಷ. ಆ ದಿನಗಳಲ್ಲಿ ವಾಹಿನಿ ಇದೇ ಕಾರ್ಯಕ್ರಮವನ್ನು ಮತ್ತೆ ಮತ್ತೆ ತೋರಿಸಿತು. ವೇದಿಕೆಯ ತುಂಬ ಲಿಲಿ ಹೂಗಳು, ಕಪ್ಪು ಮೇಣದಬತ್ತಿಗಳು, ಮೇಲೊಂದು ತೂಗುದೀಪ. ಶವಸಂಸ್ಕಾರದ ಮನೆಯಂತೆ ಕಾಣಲಿ ಎಂದು ಕೋಬೇನನೇ ಹೇಳಿ ಮಾಡಿಸಿಕೊಂಡ ಅಲಂಕಾರವದು. ಆತ ಹೋದ ಮೇಲೆ ನೋಡಿದವರಿಗೆ, ತನ್ನ ಉತ್ತರಕ್ರಿಯೆಯನ್ನು ತಾನೇ ಮುಗಿಸಿಹೋದಂತೆ ಕಂಡಿದ್ದರೆ ತಪ್ಪೇನಲ್ಲ.

ಆದರೆ ಸಾವೊಂದೇ ಕಾರಣವಾಗಿದ್ದರೆ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನ ಲೆಕ್ಕ ತಾಳೆಯಾಗುವುದಿಲ್ಲ. ಇದೇ ಸರಣಿಗಾಗಿ 1992ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಕುಳಿತು ಹಾಡಿದವನು ಅವನು. ಮರುವರ್ಷ ಅವನಿಗೆ ಆರು ಗ್ರ್ಯಾಮಿ ಪ್ರಶಸ್ತಿಗಳು ಬಂದವು, ಅವುಗಳಲ್ಲಿ ಮೂರು ಆ ಧ್ವನಿಮುದ್ರಿಕೆಗೆ. ಲೈವ್ ಧ್ವನಿಮುದ್ರಿಕೆಗಳ ಪೈಕಿ ಅದರಷ್ಟು ಮಾರಾಟವಾದದ್ದು ಬೇರೊಂದಿಲ್ಲ ಎಂದೇ ಹೆಸರು. ನಾಲ್ಕು ವರ್ಷದ ಮಗನನ್ನು ಕಳೆದುಕೊಂಡ ದುಃಖ ಅದರೊಳಗಿತ್ತು, ನಿಜ. ಹಾಡಿದವನು ಮಾತ್ರ ಆಮೇಲೆ ದಶಕಗಳ ಕಾಲ ಹಾಡುತ್ತಲೇ ಹೋದ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರವನ್ನು ಸ್ಮಶಾನದಲ್ಲಿ ಹುಡುಕುವುದು ಬೇಡ. ನನಗೆ ಅದು ಸಿಕ್ಕಿದ್ದು ಪದ್ಮನಾಭನಗರದ ಒಂದು ಕಾರ್ ಶೆಡ್ಡಿನಲ್ಲಿ.

ಗೆಳೆಯನ ಬ್ಯಾಂಡು ಅಲ್ಲಿ ತಾಲೀಮು ನಡೆಸುತ್ತಿತ್ತು. ಎರಡು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್, ಸೊಂಟದೆತ್ತರದ ಆಂಪ್ಲಿಫೈಯರ್. ಶೆಡ್ಡಿನ ತಗಡಿನ ಬಾಗಿಲೇ ಐದನೆಯ ವಾದ್ಯದಂತೆ ಅದುರುತ್ತಿತ್ತು. ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆ ನಿಂತು ಬೈದರು. ಹುಡುಗರು ತೆಪ್ಪಗೆ ಪ್ಲಗ್ ಕಿತ್ತು, ಮನೆಯಲ್ಲಿದ್ದ ಹಳೆಯ ಮರದ ಗಿಟಾರ್ ತಂದು ಅದೇ ಹಾಡನ್ನು ಹಾಡಿದರು. ಅಜ್ಜಿ ಒಳಗೆ ಹೋಗಲಿಲ್ಲ, ಪೂರ್ತಿ ಕೇಳಿದರು. ಆಮೇಲೆ ಗೋಡೆಯ ಮೇಲಿಂದ ತಲೆ ಹಾಕಿ, “ಈಗ ಚೆನ್ನಾಗಿ ಕೇಳಿಸುತ್ತಿದೆಯಪ್ಪ. ನಿಮ್ಮ ಹುಡುಗ ಶ್ರುತಿ ಬಿಟ್ಟು ಹಾಡುತ್ತಾನೆ” ಎಂದರು. ಅಷ್ಟು ತಿಂಗಳ ತಾಲೀಮಿನಲ್ಲಿ ಯಾರ ಕಿವಿಗೂ ಬೀಳದ ತಪ್ಪು ಅದು.

ಹೀಗೇಕಾಗುತ್ತದೆ ಎಂಬುದಕ್ಕೆ ಸ್ವಲ್ಪ ಧ್ವನಿಶಾಸ್ತ್ರ ಬೇಕು. ರಾಕ್ ಸಂಗೀತದ ಆ ಗರಗರ ಸದ್ದಿಗೆ ಡಿಸ್ಟಾರ್ಷನ್ ಎನ್ನುತ್ತಾರೆ. ಆಂಪ್ಲಿಫೈಯರ್ ತಾಳುವುದಕ್ಕಿಂತ ಹೆಚ್ಚು ಸದ್ದನ್ನು ಅದಕ್ಕೆ ತುಂಬಿದಾಗ ಧ್ವನಿತರಂಗದ ತುದಿಗಳು ಕತ್ತರಿಸಿಹೋಗುತ್ತವೆ. ಸೇರಿನ ಮೇಲೆ ಗೋಪುರವಾಗಿ ನಿಂತ ಅಕ್ಕಿಯನ್ನು ಅಂಗೈಯಿಂದ ಸವರಿ ಮಟ್ಟ ಮಾಡುತ್ತೇವಲ್ಲ, ಹಾಗೆ. ತಂತಿಯನ್ನು ಮೆಲ್ಲಗೆ ಮೀಟಿದರೂ ಬಲವಾಗಿ ಮೀಟಿದರೂ ಹೊರಗೆ ಬರುವುದು ಬಹುತೇಕ ಸೇರಿನ ಅಂಚಿನ ಮಟ್ಟವೇ. ಆ ನಾದ ಬೇಗ ಆರುವುದೂ ಇಲ್ಲ. ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಬಂದು ಗೋಡೆಯಂತೆ ನಿಲ್ಲುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸುಮಾರು 1,000ದಿಂದ 4,000 ಹರ್ಟ್ಸ್‌ವರೆಗಿನ ಕಂಪನಗಳಿಗೆ. ಮಾತಿನ ಸ್ಪಷ್ಟತೆ ಬಹುಪಾಲು ಇರುವುದೂ ಅಲ್ಲೇ, ಆ ಗರಗರ ಬಂದು ಕೂರುವುದೂ ಅಲ್ಲೇ. ಗಾಯಕ ಕಿರುಚಲೇಬೇಕು, ಬೇರೆ ದಾರಿಯಿಲ್ಲ. ಕಿರುಚಿದಾಗ ಶ್ರುತಿ ಕೂದಲೆಳೆಯಷ್ಟು ಜಾರಿದರೆ ಕೇಳುವವರು ಯಾರು?

ಸಂಗೀತ ಕಲಿತವರಿಗೆ ಇನ್ನೂ ಒಂದು ಮಾತು. ರಾಕ್ ಗಿಟಾರಿಗರು ಹೆಚ್ಚಾಗಿ ಬಳಸುವ ಪವರ್ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಎಂಬುದರಲ್ಲಿ ಇರುವುದು ಎರಡೇ ಸ್ವರ: ಷಡ್ಜ ಮತ್ತು ಪಂಚಮ. ಗಾಂಧಾರವನ್ನು ಬೇಕೆಂದೇ ಬಿಡುತ್ತಾರೆ, ಏಕೆಂದರೆ ಡಿಸ್ಟಾರ್ಷನ್ ನಡುವೆ ಗಾಂಧಾರ ಸೇರಿದರೆ ನಾದ ರಾಡಿಯಾಗುತ್ತದೆ. ಆದರೆ ರಾಗ ನಗುತ್ತದೋ ನರಳುತ್ತದೋ ಎಂದು ಹೇಳುವುದು ಗಾಂಧಾರವೇ ತಾನೇ? ಅಂತರ ಗಾಂಧಾರ ಬಂದರೆ ಶಂಕರಾಭರಣದ ಕಡೆಗೆ, ಸಾಧಾರಣ ಗಾಂಧಾರ ಬಂದರೆ ಖರಹರಪ್ರಿಯದ ಕಡೆಗೆ. ಅಬ್ಬರ ಇಳಿಸಿದ ಆ ಸಂಜೆ ಗಾಂಧಾರ ಮರಳಿ ಬಂದಿದೆ: ಒಮ್ಮೆ ಗಿಟಾರಿನ ತುಂಬು ಕಾರ್ಡಿನಲ್ಲಿ, ಒಮ್ಮೆ ಲೋರಿ ಗೋಲ್ಡ್‌ಸ್ಟನ್ ನುಡಿಸಿದ, ದೊಡ್ಡ ಪಿಟೀಲಿನಂಥ ಚೆಲ್ಲೊದಲ್ಲಿ, ಒಮ್ಮೆ ಡ್ರಮ್ಸ್ ಹಿಂದಿನಿಂದ ಡೇವ್ ಗ್ರೋಲ್ ಕೂಡಿಸಿದ ಎರಡನೆಯ ಕಂಠದಲ್ಲಿ. ಜನಕ್ಕೆ ಬಾಯಿಪಾಠವಾಗಿದ್ದ ಹಾಡುಗಳು ಎಷ್ಟು ದುಃಖದವು ಎಂಬುದು ಅಂದು ಬಯಲಾಯಿತು.

ಗ್ರೋಲ್‌ನ ವಿಷಯಕ್ಕೆ ಬಂದರೆ, ಡ್ರಮ್ಸ್ ಒಡೆದುಹೋಗುವಂತೆ ಬಾರಿಸುವುದಕ್ಕೆ ಹೆಸರಾದವನು. ಆ ದಿನ ಅವನ ಕೈಗೆ ಬಂದದ್ದು ಬ್ರಷ್‌ಗಳು ಮತ್ತು ಸಣ್ಣ ಕಡ್ಡಿಗಳ ಕಟ್ಟು. ದೃಶ್ಯಾವಳಿಯಲ್ಲಿ ಅವನ ತೋಳುಗಳನ್ನು ನೋಡಿ. ಮಲಗಿದ ಮಗುವಿನ ಕೋಣೆಯಲ್ಲಿ ಪಾತ್ರೆ ಜೋಡಿಸುವವರ ಎಚ್ಚರಿಕೆ ಅಲ್ಲಿದೆ. ಬಲವಿದ್ದೂ ಬಳಸದೆ ಇರುವುದು ಬೇರೆ, ಬಲವೇ ಇಲ್ಲದಿರುವುದು ಬೇರೆ. ಕೇಳುಗನಿಗೆ ಈ ವ್ಯತ್ಯಾಸ ಹೇಗೋ ತಿಳಿದುಬಿಡುತ್ತದೆ.

ಈ ಮಾತನ್ನು ಒತ್ತಿ ಹೇಳಲು ಕಾರಣ ನಮ್ಮ ಊರಿನ ‘ಅಕೂಸ್ಟಿಕ್ ನೈಟ್’ಗಳು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ಹೀಗಾಗಿ ಬೆಂಗಳೂರಿನ ಎಷ್ಟೋ ಮಹಡಿ ಹೋಟೆಲುಗಳಲ್ಲಿ ಒಂದು ಗಿಟಾರ್, ಕೂತು ಬಡಿಯುವ ಒಂದು ಮರದ ಪೆಟ್ಟಿಗೆ, ಒಬ್ಬ ಹಾಡುಗಾರ. ಕಳೆದ ವರ್ಷ ಜಯನಗರದ ಅಂಥ ಒಂದು ಕಡೆ ಎರಡು ಗಂಟೆ ಕುಳಿತಿದ್ದೆ. ಗೋಬಿ ಮಂಚೂರಿಯ ರುಚಿ ಈಗಲೂ ನೆನಪಿದೆ, ಹಾಡು ಒಂದೂ ನೆನಪಿಲ್ಲ. ಜೋರು ಹಾಡಿನ ವಾಲ್ಯೂಮ್ ತಗ್ಗಿಸಿ ಊಟದ ಜೊತೆಗೆ ಬಡಿಸಿದ್ದರು, ಅಷ್ಟೇ. ಪ್ಲಗ್ ಕಿತ್ತ ಮಾತ್ರಕ್ಕೆ ಹಾಡಿಗೆ ಶಕ್ತಿ ಬರುವುದಾದರೆ ಕರೆಂಟು ಹೋದಾಗಲೆಲ್ಲ ನಮ್ಮಲ್ಲಿ ಮೇರುಕೃತಿಗಳು ಹುಟ್ಟಬೇಕಿತ್ತು.

ಅಷ್ಟಕ್ಕೂ ನಿರ್ವಾಣದವರು ಪ್ಲಗ್ ಪೂರ್ತಿ ಕಿತ್ತಿರಲೇ ಇಲ್ಲ! ತನ್ನ ಆಂಪ್ಲಿಫೈಯರ್ ಮತ್ತು ಗಿಟಾರಿನ ನಾದ ಬದಲಿಸುವ ಪೆಡಲ್‌ಗಳು ಬೇಕೇ ಬೇಕೆಂದು ಕೋಬೇನ್ ಹಟ ಹಿಡಿದಿದ್ದ. ನೋಡುವವರಿಗೆ ತಿಳಿಯದಂತೆ ಅದರ ಮುಂದೆ ಒಂದು ಹುಸಿ ಪೆಟ್ಟಿಗೆ ಇಟ್ಟರು. ಡೇವಿಡ್ ಬೋವಿಯ ಹಾಡನ್ನು ಹಾಡುವಾಗ ಗಿಟಾರಿನಿಂದ ಏಳುವ ಗೊಗ್ಗರು ನಾದ ಅದರದ್ದೇ. ಆದ್ದರಿಂದ ಶುದ್ಧ ಮರದ ವಾದ್ಯ, ಶುದ್ಧ ಸಂಗೀತ ಎಂಬ ಮಡಿಯ ಮಾತು ಇಲ್ಲಿ ನಡೆಯುವುದಿಲ್ಲ. ಮುಖ್ಯವಾದದ್ದು ಬೇರೆ.

ಅದು ಹಾಡುಗಳ ಆಯ್ಕೆ ಎಂದು ನನ್ನ ಎಣಿಕೆ. ತಂಡವನ್ನು ಲೋಕಪ್ರಸಿದ್ಧ ಮಾಡಿದ ಹಾಡನ್ನೇ ಅವರು ಅಂದು ಹಾಡಲಿಲ್ಲ. ಧ್ವನಿಮುದ್ರಿಕೆಯ 14 ಹಾಡುಗಳಲ್ಲಿ ಆರು ಬೇರೆಯವರವು. ಜೊತೆಗೆ ಹಾಡಲು ದೊಡ್ಡ ಹೆಸರಿನವರು ಬರಲಿ ಎಂದು ವಾಹಿನಿಯವರು ಆಸೆಪಟ್ಟಿದ್ದರೆ, ಕೋಬೇನ್ ಕರೆತಂದದ್ದು ಮೀಟ್ ಪಪೆಟ್ಸ್ ಎಂಬ ತಂಡದ ಅಣ್ಣತಮ್ಮಂದಿರನ್ನು. ಅವರ ಮೂರು ಹಾಡುಗಳನ್ನು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದ. ಮದುವೆಗೆ ಕರೆದ ಗವಾಯಿ, ಜನ ಕೇಳಿದ ಸಿನಿಮಾ ಗೀತೆ ಬಿಟ್ಟು ತನ್ನ ಗುರುವಿನ ಪದಗಳನ್ನು ಹಾಡಿ ಎದ್ದುಹೋದಂತೆ. ಗೆದ್ದ ಹಾಡುಗಳನ್ನೇ ಮೆಲುದನಿಯಲ್ಲಿ ಮತ್ತೊಮ್ಮೆ ಮಾರುವುದು ಸುಲಭವಿತ್ತು. ಆತ ಮಾಡಿದ್ದು ತಾನು ಕೇಳಿ ಬೆಳೆದದ್ದನ್ನು ಜನರ ಮುಂದೆ ಇಡುವ ಕೆಲಸ. ಅದೂ ಒಂದೇ ಓಟದಲ್ಲಿ, ಮರುಮುದ್ರಣವಿಲ್ಲದೆ.

ಸದ್ದಿನ ಸಂಗೀತವನ್ನು ನಾನು ಹಳಿಯುತ್ತಿಲ್ಲ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ಬಾರಿಸಿದಾಗ ಆ ಕೆಸರಿನಲ್ಲಿ ನಾನೂ ನಿಂತಿದ್ದೆ. ಎದೆಗೂಡಿನೊಳಗೆ ಡ್ರಮ್ಸ್ ಬಿದ್ದ ಅನುಭವ ಮರೆಯುವಂಥದ್ದಲ್ಲ. ಆದರೆ ಅದು ಸಾವಿರಾರು ಜನರ ಜೊತೆಗಿನ ಸುಖ, ಜಾತ್ರೆಯ ತೇರು ಎಳೆದಂತೆ. ಒಬ್ಬನೇ ಹಾಸಿಗೆಯಲ್ಲಿ ಮಲಗಿ ನೆನಪಿಸಿಕೊಂಡರೆ ಮರಳಿ ಬರುವುದು ಆ ಸದ್ದಲ್ಲ, ಬೂಟಿನ ಕೆಸರು. ಮೆಲುದನಿಯ ಹಾಡು ಮಾತ್ರ ಒಬ್ಬಂಟಿ ಕಿವಿಗೆ ಇಡಿಯಾಗಿ ಮರಳುತ್ತದೆ. ಮೊದಲಿನಿಂದಲೂ ಅದರ ಅಳತೆ ಒಂದು ಕೋಣೆಯಷ್ಟೇ. ಗಟ್ಟಿ ಹಾಡು ಎರಡನ್ನೂ ತಾಳಿಕೊಳ್ಳುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ: ಏಕತಾರಿಯ ಜೊತೆ ಬಾಳಿದ ಶಿಶುನಾಳ ಶರೀಫರ ತತ್ವಪದಗಳು ಸಿ. ಅಶ್ವಥ್ ಅವರ ತುಂಬುಕಂಠದಲ್ಲೂ ನಿಂತವು, ರಘು ದೀಕ್ಷಿತ್ ಅವರ ಗಿಟಾರು ಡ್ರಮ್ಸ್‌ಗಳ ನಡುವೆಯೂ ನಿಂತವು. ಶರೀಫರದು ಏಕತಾರಿಯಿಂದ ಅಬ್ಬರದ ಕಡೆಗೆ ಪಯಣ, ಕೋಬೇನ್‌ನದು ಅಬ್ಬರದಿಂದ ಏಕತಾರಿಯ ಕಡೆಗೆ.

ಇನ್ನು ಕೊನೆಯ ಹಾಡು. ಅಮೆರಿಕದ ಹಳೆಯ ಜಾನಪದ ಗೀತೆಯದು, ಲೆಡ್ ಬೆಲ್ಲಿ ಎಂಬ ಕಪ್ಪು ಜನಾಂಗದ ಗಾಯಕನಿಂದ ಹೆಸರಾದದ್ದು. ಹಾಡುವ ಮೊದಲು ಕೋಬೇನ್ ಒಂದು ತಮಾಷೆ ಹೇಳುತ್ತಾನೆ: ಲೆಡ್ ಬೆಲ್ಲಿಯ ಗಿಟಾರನ್ನು ಯಾರೋ ಐದು ಲಕ್ಷ ಡಾಲರಿಗೆ ತನಗೆ ಮಾರಲು ಬಂದಿದ್ದರಂತೆ. ಅಂದು ಅವನ ತೊಡೆಯ ಮೇಲಿದ್ದ 1959ರ ಮಾರ್ಟಿನ್ ಗಿಟಾರ್ 2020ರ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ತೊಟ್ಟಿದ್ದ ಸ್ವೆಟರ್ ಕೂಡ, ತೊಳೆಯದೆ ಇಟ್ಟದ್ದು, 2019ರಲ್ಲಿ 3,34,000 ಡಾಲರಿಗೆ ಮಾರಾಟವಾಯಿತು. ಅನುಕಂಪ ಎಂದಿರಲ್ಲ, ಅದು ಇಲ್ಲಿ ಕೆಲಸ ಮಾಡಿದೆ ನೋಡಿ: ಮರದ ಬೆಲೆಯಲ್ಲಿ, ಉಣ್ಣೆಯ ಬೆಲೆಯಲ್ಲಿ.

ಹಾಡಿನ ಬೆಲೆ ತಿಳಿಯಲು ಒಂದು ಪ್ರಯೋಗ ಮಾಡಿದ್ದೆ. ತಂಗಿಯ ಮಗಳು ಹದಿನಾರರವಳು, ಚಾಮರಾಜಪೇಟೆಯಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಾಳೆ. ಹಾಡಿದವನು ಯಾರು, ಏನಾದ ಎಂದು ಹೇಳದೆ ಇಯರ್‌ಫೋನ್ ಕೊಟ್ಟೆ. ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ತಿಶ್ರ ನಡೆ ಎಣಿಸತೊಡಗಿದವು. ಮೊದಲ ಚರಣಗಳು ಮಂದ್ರದಲ್ಲಿ, ಗೊಣಗಿದಂತೆ ಸಾಗುತ್ತವೆ. ಕೊನೆಯ ಸುತ್ತಿಗೆ ಅದೇ ಧಾಟಿ ಥಟ್ಟನೆ ಒಂದು ಸ್ಥಾಯಿ ಮೇಲೇರುತ್ತದೆ, ಗಂಟಲು ಬಿರಿಯುತ್ತದೆ. ಕಟ್ಟಕಡೆಯ ಸಾಲಿನ ನಡುವೆ ಹಾಡು ನಿಲ್ಲುತ್ತದೆ. ಒಂದು ಉಸಿರು, ನಿಟ್ಟುಸಿರಿನಂಥದ್ದು. ಆಮೇಲೆ ಉಳಿದ ಪದಗಳು. ಅವಳ ಬೆರಳು ಅಲ್ಲಿ ತಾಳ ತಪ್ಪಿತು.

ಇಯರ್‌ಫೋನ್ ತೆಗೆದು ಕೇಳಿದಳು: “ಮಾಮ, ಕೊನೆಯಲ್ಲಿ ಉಸಿರು ಎಳೆದುಕೊಂಡದ್ದು ಹಾಗೇ ಇದೆಯಲ್ಲ, ಅದನ್ನು ಯಾರೂ ತೆಗೆಯಲಿಲ್ಲವೇ?”

“ತೆಗೆಯಬೇಕಿತ್ತೇ?”

“ಬೇಡ, ಬೇಡ. ಅದು ಇರಲಿ” ಎಂದು ಮತ್ತೆ ಅಲ್ಲಿಗೇ ಹಿಂದೆ ಸರಿಸಿ ಕೇಳಿದಳು. ಅವನ ಕಥೆ ಹೇಳಿದ್ದು ಅದಾದ ಮೇಲೆ.

ಇನ್ನೊಂದು ಹಾಡು ಹಾಡು ಎಂದು ಕಾರ್ಯಕ್ರಮದವರು ಅಂದು ಕೇಳಿಕೊಂಡರು; ಕೋಬೇನ್ ಒಲ್ಲೆನೆಂದ. ಇದರ ಮೇಲೆ ಹಾಡುವುದಕ್ಕೆ ಏನೂ ಉಳಿದಿಲ್ಲ ಎಂದು ಅವನಿಗೆ ಅನ್ನಿಸಿತ್ತಂತೆ.

ನಿಮ್ಮ ಮಗನ ಹತ್ತಿರ ಇಯರ್‌ಫೋನ್ ಕೇಳಿ ಪಡೆಯಿರಿ. ಒಂದು ಗಂಟೆಯೂ ಇಲ್ಲದ ಧ್ವನಿಮುದ್ರಿಕೆ ಅದು. ಕೊನೆಯ ಹಾಡಿಗೆ ನೇರವಾಗಿ ಹಾರಬೇಡಿ, ಮೊದಲಿನಿಂದ ಬನ್ನಿ. ನಡುವೆ ಒಂದು ಹಾಡನ್ನು ಕೋಬೇನ್ ಒಬ್ಬನೇ ಹಾಡುತ್ತಾನೆ, ಉಳಿದವರೆಲ್ಲ ಸುಮ್ಮನೆ ಕುಳಿತಿರುತ್ತಾರೆ. ವಿಜಯನಗರದ ಬಸ್ ಸದ್ದು ಅಡಗಿದ ಮೇಲೆ ಕೇಳಿದರೆ ಆ ಹಾಡಿನಲ್ಲಿ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸುತ್ತದೆ.