ದುಬಾರೆಯ ಆನೆಗಳು ಎಲ್ಲಿಂದ ಬಂದವು?

ಬೆಳಿಗ್ಗೆ ಕೊಡಗಿನ ದುಬಾರೆ ಆನೆ ಶಿಬಿರಕ್ಕೆ ಹೋದರೆ ಕಾವೇರಿಯಲ್ಲಿ ಆನೆ ಮಗ್ಗುಲಾಗಿ ಮಲಗಿರುತ್ತದೆ. ಮಾವುತನ ಸಹಾಯಕರಾದ ಕಾವಾಡಿ ಅದರ ಕಿವಿಯ ಹಿಂದೆ ಗಸಗಸ ತಿಕ್ಕುತ್ತಿರುತ್ತಾರೆ. ನಾವು ಫೋಟೊ ತೆಗೆದುಕೊಂಡು, ಅದು ರಾಗಿಮುದ್ದೆ ತಿನ್ನುವುದನ್ನು ನೋಡಿ, ದೋಣಿ ಹತ್ತಿ ವಾಪಸ್ ಬರುತ್ತೇವೆ. ಈ ಆನೆಗಳೆಲ್ಲ ಎಲ್ಲಿಂದ ಬಂದವು ಅಂತ ಕೇಳುವವರು ಕಡಿಮೆ.

ಕೇಳಿದರೆ ಕಥೆ ಖೆಡ್ಡಾಕ್ಕೆ, ಅಂದರೆ ಕಾಡಾನೆಗಳ ಹಿಂಡನ್ನೇ ಅಟ್ಟಿ ಹಿಡಿಯುವ ಪದ್ಧತಿಗೆ ಹೋಗುತ್ತದೆ. 1874ರಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಕಡೆ ಒಂದೇ ಸಲಕ್ಕೆ ಐವತ್ತಕ್ಕೂ ಜಾಸ್ತಿ ಆನೆ ಹಿಡಿದರು. ಮುಂದೆ ಕಾಕನಕೋಟೆಯ ಖೆಡ್ಡಾ ಹೆಸರುವಾಸಿಯಾಯಿತು. ಜೇನುಕುರುಬರು ಹಿಂಡಿನ ಜಾಡು ಹಿಡಿಯುತ್ತಿದ್ದರು. ಬೆಂಕಿ, ಗದ್ದಲದಿಂದ ಬೆದರಿಸಿ ಮರಿಗಳ ಸಮೇತ ಇಡೀ ಹಿಂಡನ್ನು ಕಬಿನಿಗೆ ಇಳಿಸಿ, ಆಚೆ ದಡದ ಬೇಲಿಯೊಳಕ್ಕೆ ಅಟ್ಟುತ್ತಿದ್ದರು. ಮಹಾರಾಜರ ಅತಿಥಿಗಳು ಇದನ್ನು ಕೂತು ನೋಡುತ್ತಿದ್ದರು. ನಮ್ಮಲ್ಲಿ ಆನೆ ನೋಡುವ ಪ್ರವಾಸ ಶುರುವಾದದ್ದೇ ಅಲ್ಲಿ ಅಂತ ನನಗನ್ನಿಸುತ್ತದೆ. ಆ ಮರಿಗಳನ್ನು ನೆನೆದರೆ ಸಂಕಟವಾಗುತ್ತದೆ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಕಾಯ್ದೆ ಬಂತು. ಹಿಡಿದ ಆನೆಗಳು ಕಾಡಿನಲ್ಲಿ ದಿಮ್ಮಿ ಎಳೆಯುತ್ತಿದ್ದವು, ಆ ಕೆಲಸವೂ ಕಡಿಮೆಯಾಯಿತು. ಆದರೂ ಶಿಬಿರಗಳು ಮುಚ್ಚಲಿಲ್ಲ. ಕಾಫಿ ತೋಟ, ಗದ್ದೆಗಳಿಗೆ ನುಗ್ಗುವ ಆನೆಗಳನ್ನು ಕೊಡಗು, ಹಾಸನದ ಕಡೆ ಹಿಡಿಯಬೇಕಾಯಿತು. ಹಿಡಿದದ್ದನ್ನು ದಪ್ಪ ಮರದ ದಿಮ್ಮಿಗಳ ದೊಡ್ಡಿಯಲ್ಲಿ (ಕ್ರಾಲ್) ತಿಂಗಳುಗಟ್ಟಲೆ ಇಡುತ್ತಾರೆ. ಮಾವುತ ಹೊರಗೆ ನಿಂತು ಮಾತಾಡಿಸುತ್ತಾ, ದಿಮ್ಮಿಗಳ ಸಂದಿಯಿಂದ ಕಬ್ಬು ಕೊಡುತ್ತಾ ಪಳಗಿಸುತ್ತಾರೆ. ನಾವು ಸುಮ್ನೆ 'ಸಾಧು ಆನೆ' ಅಂದುಬಿಡುತ್ತೇವೆ. ಅದು ತನ್ನ ಕಾಡು, ತನ್ನ ಹಿಂಡು ಎರಡನ್ನೂ ಕಳೆದುಕೊಂಡು ಬಂದದ್ದು ಅಲ್ವಾ?

ಪಳಗಿದ ಮೇಲೂ ಅದಕ್ಕೆ ಕೆಲಸ ತಪ್ಪುವುದಿಲ್ಲ. ನಾಗರಹೊಳೆ ಕಾಡಿನ ಬಳ್ಳೆ ಶಿಬಿರದಲ್ಲಿದ್ದ ಆನೆ ಅರ್ಜುನನನ್ನೇ ನೋಡಿ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ಜೊತೆ ಸೆಣಸುತ್ತಾ ಸತ್ತ. ಆಗ ಅವನಿಗೆ ಅರವತ್ತು ದಾಟಿತ್ತು. ಅಷ್ಟು ವಯಸ್ಸಾದವನನ್ನು ಆ ಕೆಲಸಕ್ಕೆ ಕರೆದೊಯ್ಯಬಾರದಿತ್ತು.

ಶಿಬಿರದಲ್ಲಿ ಪ್ರವಾಸಿಗರು ನೋಡದ ಹೊತ್ತೂ ಒಂದಿದೆ. ಸಂಜೆ ಆನೆಗಳಿಗೆ ಉದ್ದನೆಯ ಸರಪಳಿ ಕಟ್ಟಿ ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಕು ಹರಿಯುತ್ತಲೇ ಮಾವುತರು ಮಣ್ಣಿನ ಮೇಲೆ ಸರಪಳಿ ಎಳೆದ ಗೆರೆ ನೋಡುತ್ತಾ ಹುಡುಕಿ ಹೊರಡುತ್ತಾರೆ. ಕೆಲವು ದಿನ ಬಹಳ ದೂರ ನಡೆಯಬೇಕಾಗುತ್ತದೆ. ಸಿಕ್ಕ ಆನೆಯನ್ನು ಹೆಸರು ಹಿಡಿದು ಕರೆದು, ಸರಪಳಿ ಸುತ್ತಿಕೊಂಡು ಹೊಳೆಗೆ ಹೊಡೆದುಕೊಂಡು ಬರುತ್ತಾರೆ. ನಾವು ದಡದಲ್ಲಿ ನಿಂತು ನೋಡುವ ಸ್ನಾನ ಶುರುವಾಗುವುದು ಆಮೇಲೆ.