ಲೆಗೊ ಲೋಕದಲ್ಲಿ ‘ಮಾಕ್’ ಅಂದರೆ ಏನು?

ಲೆಗೊ ಅಂದರೆ ‘ಬ್ರಿಕ್’ ಅನ್ನುವ ಪ್ಲಾಸ್ಟಿಕ್ ತುಂಡುಗಳನ್ನು ಸಿಕ್ಕಿಸಿ ಆಡುವ ಆಟಿಕೆ. ಅದರ ಡಬ್ಬಿ ತಂದು, ಒಳಗಿರುವ ಪುಸ್ತಕ ನೋಡಿಕೊಂಡು ಜೋಡಿಸಿದರೆ ಅದು ಸೆಟ್. ಪುಸ್ತಕದ ಹಂಗಿಲ್ಲದೆ ನೀವೇ ತಲೆ ಓಡಿಸಿ ಕಟ್ಟಿದರೆ ಅದು ಮಾಕ್. ‘ಮೈ ಓನ್ ಕ್ರಿಯೇಷನ್’ ಅನ್ನುವುದರ ಗಿಡ್ಡ ರೂಪ. ಎಂ-ಓ-ಸಿ ಎಂದು ಬಿಡಿಸಿ ಹೇಳುವವರೂ ಇದ್ದಾರೆ. ಮಗು ನಾಲ್ಕು ಬ್ರಿಕ್ ಸಿಕ್ಕಿಸಿ ‘ಇದು ಬಸ್ಸು’ ಅಂದರೆ ಅದೂ ಮಾಕೇ. ಆದರೆ ಈ ಮಾತು ಜಾಸ್ತಿ ಓಡಾಡುವುದು ಲೆಗೊ ಹುಚ್ಚು ಬಿಡದ ದೊಡ್ಡವರ ನಡುವೆ.

ಇದರ ಪಕ್ಕದಲ್ಲೇ ಇನ್ನೆರಡು ಪದಗಳಿವೆ. ಇರುವ ಸೆಟ್ಟನ್ನೇ ಅಲ್ಲಿಲ್ಲಿ ಬದಲಾಯಿಸಿದರೆ ‘ಮಾಡ್’. ಒಂದೇ ಸೆಟ್ಟಿನ ತುಂಡುಗಳಿಂದ ಬೇರೆಯೇ ವಸ್ತು ಮಾಡಿದರೆ ‘ಆಲ್ಟರ್ನೇಟ್ ಬಿಲ್ಡ್’.

ಸಿನಿಮಾ ನೋಡಿ ಕಟ್ಟಿದ್ದೂ ಮಾಕ್ ಆಗುತ್ತಾ? ಕಲ್ಪನೆ ಇನ್ನೊಬ್ಬರದು, ‘ನನ್ನ ಸ್ವಂತದ್ದು’ ಅನ್ನೋದು ಹೇಗೆ? ಒಂದು ಉದಾಹರಣೆ ಹಿಡಿದು ನೋಡೋಣ. ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೋ ಘಿಬ್ಲಿಗಾಗಿ ಹಯಾವೊ ಮಿಯಾಜಾಕಿ 2004ರಲ್ಲಿ ಮಾಡಿದ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಗೊತ್ತಲ್ವಾ? ಅದರಲ್ಲಿ ಕೋಟೆಯೇ ಎದ್ದು ನಡೆಯುತ್ತದೆ. ಚಿಮಣಿ, ತಗಡು, ಪುಟ್ಟ ಮನೆಗಳು ಎಲ್ಲ ಒಂದರ ಮೇಲೊಂದು ಹೇರಿಕೊಂಡ ದೊಡ್ಡ ಹೊಟ್ಟೆ. ಅದರ ಕೆಳಗೆ ಕೋಳಿಕಾಲಿನಂಥ ನಾಲ್ಕು ಸಣಕಲು ಕಾಲು. ಚಿತ್ರದಲ್ಲಿ ಅದನ್ನು ಮಂತ್ರ ಹೊರುತ್ತದೆ. ಮೇಜಿನ ಮೇಲೆ ಹೊರಬೇಕಾದದ್ದು ಪ್ಲಾಸ್ಟಿಕ್.

ಹಾಗಾಗಿ ಕೆಲಸ ಶುರುವಾಗುವುದು ಕಾಲಿನಿಂದ. ಬಾಗುವ ಕೀಲು ಹಾಕಿದರೆ ನೋಡಲು ಚೆಂದ, ಆದರೆ ಭಾರಕ್ಕೆ ನಿಧಾನವಾಗಿ ಕುಸಿಯುತ್ತದೆ. ಹೊಟ್ಟೆಯೊಳಗೆ ಟೆಕ್ನಿಕ್ ಬೀಮುಗಳ, ಅಂದರೆ ತೂತುಗಳಿರುವ ಉದ್ದ ಲೆಗೊ ಪಟ್ಟಿಗಳ, ಚೌಕಟ್ಟು ಕಟ್ಟಿ, ಕಾಲನ್ನು ಒಂದೇ ಭಂಗಿಯಲ್ಲಿ ಬಿಗಿದುಬಿಡುವುದು ವಾಸಿ. ಹೊಟ್ಟೆಯನ್ನೂ ಆದಷ್ಟು ಟೊಳ್ಳಾಗಿಡಬೇಕು. ನಡೆಯುವ ಕೋಟೆಯನ್ನು ನಿಲ್ಲಿಸಿಬಿಟ್ಟರಲ್ಲ ಅಂತ ಯಾರಾದರೂ ಗೊಣಗಬಹುದು. ಬಿದ್ದು ಚೂರಾಗುವುದಕ್ಕಿಂತ ಅದೇ ಮೇಲು.

ಆಮೇಲೆ ಅಳತೆ. ಲೆಗೊ ಗೊಂಬೆ ಸುಮಾರು 4 ಸೆಂಟಿಮೀಟರ್ ಎತ್ತರ. ಗೊಂಬೆಗೆ ಹೊಂದುವಂತೆ ಇಡೀ ಕೋಟೆ ಕಟ್ಟಲು ಹೊರಟರೆ ಮನೆಯಲ್ಲಿ ಜಾಗ ಸಾಲದು. ಹೆಚ್ಚಿನವರು ‘ಮೈಕ್ರೊಸ್ಕೇಲ್’, ಅಂದರೆ ಗೊಂಬೆಯ ಅಳತೆಗಿಂತ ಪುಟ್ಟ ಅಳತೆ, ಹಿಡಿಯುತ್ತಾರೆ. ಅಲ್ಲಿ ಒಂದು ಗುಂಡು ಬ್ರಿಕ್ಕೇ ಒಂದು ಚಿಮಣಿ. ಆದರೆ ಕೋಟೆಯ ಬಾಗಿಲ ಪಕ್ಕದಲ್ಲಿ ನಾಲ್ಕು ಬಣ್ಣದ ಒಂದು ತಿರುಗಣಿ ಇದೆ. ಅದನ್ನು ತಿರುಗಿಸಿದರೆ ಬಾಗಿಲು ಬೇರೆ ಊರಿಗೆ ತೆರೆಯುತ್ತದೆ. ಕಥೆಯ ಜೀವ ಇರುವುದೇ ಅಲ್ಲಿ. ಮೈಕ್ರೊಸ್ಕೇಲಿನಲ್ಲಿ ಅದು ಮಾಯ. ನಾನಾದರೆ ಬಾಗಿಲು, ಒಲೆ, ಮೆಟ್ಟಿಲು ಇರುವ ಒಂದು ಕೋಣೆಯನ್ನು ಮಾತ್ರ ಗೊಂಬೆ ಅಳತೆಯಲ್ಲಿ ಕಟ್ಟುತ್ತೇನೆ. ಇನ್ನೊಬ್ಬರಿಗೆ ಕಾಲುಗಳೇ ಮುಖ್ಯ. ಯಾವುದನ್ನು ಬಿಡಬೇಕು ಅನ್ನುವ ಈ ತೀರ್ಮಾನ ಸಿನಿಮಾದಲ್ಲಿ ಇರಲಿಲ್ಲ. ‘ಸ್ವಂತದ್ದು’ ಅನ್ನುವ ಹಕ್ಕು ಬರುವುದು ಅದರಿಂದ.

ಕೋಟೆಯ ಮೈಮೇಲೆ ಎಲ್ಲ ದಿಕ್ಕಿಗೂ ಅಂಟಿಸಿದ ತಗಡುಗಳಿಗೆ ‘ಸ್ನಾಟ್’ ಬೇಕು. ‘ಸ್ಟಡ್ಸ್ ನಾಟ್ ಆನ್ ಟಾಪ್’, ಅಂದರೆ ಬ್ರಿಕ್ಕಿನ ಗುಬುಟುಗಳನ್ನು ಮೇಲಕ್ಕೆ ಬಿಡದೆ ಪಕ್ಕಕ್ಕೋ ಕೆಳಕ್ಕೋ ತಿರುಗಿಸುವ ಕೈಚಳಕ. ಇದು ಹೊಂದುವುದಕ್ಕೆ ಕಾರಣ ಒಂದು ಪುಟ್ಟ ಲೆಕ್ಕ. ಒಂದು ಗುಬುಟಿನ ಮಧ್ಯದಿಂದ ಪಕ್ಕದ ಗುಬುಟಿನ ಮಧ್ಯಕ್ಕೆ 8 ಮಿಲಿಮೀಟರ್. ‘ಪ್ಲೇಟ್’ ಅನ್ನುವ ತೆಳು ತುಂಡಿನ ದಪ್ಪ 3.2. ಐದು ಪ್ಲೇಟ್ ಪೇರಿಸಿದರೆ 16 ಮಿಲಿಮೀಟರ್, ಸರಿಯಾಗಿ ಎರಡು ಗುಬುಟಿನ ಅಗಲ. ಹಾಗಾಗಿ ಅಡ್ಡ ಮಲಗಿಸಿದ ಐದು ಪ್ಲೇಟುಗಳು ಎರಡು ಗುಬುಟು ಅಗಲದ ಸಂದಿಯಲ್ಲಿ ಕೂದಲೆಳೆಯೂ ಆಚೀಚೆ ಆಗದೆ ಕೂರುತ್ತವೆ. ತುಂಡಿಗೆ ಒತ್ತಡ ಬೀಳುವಂತೆ ತುರುಕಿದರೆ ಅದಕ್ಕೆ ‘ಇಲ್ಲೀಗಲ್’ ಅನ್ನುತ್ತಾರೆ. ಪೊಲೀಸರೇನೂ ಬರುವುದಿಲ್ಲ. ಕಂಪನಿಯ ವಿನ್ಯಾಸಕಾರರು ಹಾಗೆ ಮಾಡುವಂತಿಲ್ಲ, ಅಷ್ಟೆ.

ನಮ್ಮಲ್ಲಿ ಲೆಗೊ ದುಬಾರಿ. ಅದಕ್ಕೇ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು ಜಾಣತನ. ಲೆಗೊ ತುಂಡುಗಳು ಬಿಕರಿಯಾಗುವ ಜಾಲತಾಣ ಬ್ರಿಕ್‌ಲಿಂಕ್‌ನ ‘ಸ್ಟುಡಿಯೋ’ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅಲ್ಲಿ ಒಂದು ಅಪಾಯವೂ ಇದೆ. ಪರದೆಯ ಮೇಲೆ ಯಾವ ತುಂಡಿಗೆ ಯಾವ ಬಣ್ಣ ಬೇಕಾದರೂ ಬಳಿಯಬಹುದು. ನಿಮಗೆ ಬೇಕಾದ ಆ ಕಂದು ಬಣ್ಣದಲ್ಲಿ ಆ ತುಂಡನ್ನು ಕಂಪನಿ ಎಂದೂ ಅಚ್ಚು ಹಾಕದೇ ಇರಬಹುದು. ಕೊಳ್ಳುವ ಹೊತ್ತಿಗೆ ಗೊತ್ತಾದರೆ ಅರ್ಧ ಗೋಡೆ ಮತ್ತೆ ಕಟ್ಟಬೇಕು.

ಮಾಕ್ ಒಂದು ನಿಜವಾದ ಸೆಟ್ ಆಗುವ ದಾರಿಯೂ ಇದೆ. ಜಪಾನಿನಲ್ಲಿ 2008ರಲ್ಲಿ ‘ಕೂಸೂ’ ಹೆಸರಿನಲ್ಲಿ ಶುರುವಾದ ಯೋಜನೆ 2014ರಲ್ಲಿ ‘ಲೆಗೊ ಐಡಿಯಾಸ್’ ಆಯಿತು. ಅದರ ಜಾಲತಾಣದಲ್ಲಿ ಹಾಕಿದ ಮಾಕಿಗೆ 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಪರಿಶೀಲಿಸುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುವುದು ಕೆಲವು ಮಾತ್ರ, ಸಿನಿಮಾದ್ದಾದರೆ ಹಕ್ಕುಗಳ ಮಾತೂ ಕುದುರಬೇಕು. 1993ರ ‘ಹೋಕಸ್ ಪೋಕಸ್’ ಚಿತ್ರದ ಮಾಟಗಾತಿಯರ ಮನೆ ಹೀಗೆ ಗೆದ್ದು 2023ರಲ್ಲಿ ಅಂಗಡಿಗೆ ಬಂತು. ಅಂತಿಮ ರೂಪ ಕೊಡುವುದು ಕಂಪನಿಯವರೇ. ಮೊದಲು ಕಟ್ಟಿದವರಿಗೆ ನಿವ್ವಳ ಮಾರಾಟದ 1% ಸಿಗುತ್ತದೆ.