ಕಾಮೆಟ್ ಪರೀಕ್ಷೆಯಲ್ಲಿ ಬಾಲ ಉದ್ದವಾದರೆ ಡಿಎನ್‌ಎ ದುರಸ್ತಿ ಕೆಟ್ಟಿದೆ ಎಂದರ್ಥವೇ?

ಪ್ರಶ್ನೆ: ಅತಿನೇರಳೆ (ಯುವಿ) ಕಿರಣಕ್ಕೆ ಒಡ್ಡಿದ ಕೋಶಗಳಲ್ಲಿ ಅರ್ಧ ಗಂಟೆಯ ನಂತರ ಕಾಮೆಟ್ ಬಾಲ ಉದ್ದವಾಗಿ ಕಂಡಿತು. ಈ ಕೋಶಗಳಿಗೆ ದುರಸ್ತಿ ಸಾಮರ್ಥ್ಯವಿಲ್ಲ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಬರೆಯಬಾರದು. ಪ್ರಾಜೆಕ್ಟ್ ವರದಿಗಳ ಕಾಲ ಬಂತೆಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುವುದರಿಂದ ಈ ಸಲ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಕಾಮೆಟ್ ಪರೀಕ್ಷೆಯಲ್ಲಿ ಕೋಶಗಳನ್ನು ಅಗರೋಸ್ ಎಂಬ ಜೆಲ್ಲಿಯಲ್ಲಿ ಹುದುಗಿಸಿ, ಪೊರೆ ಕರಗಿಸಿ (ಲೈಸಿಸ್), ವಿದ್ಯುತ್ ಹಾಯಿಸಿದಾಗ (ಎಲೆಕ್ಟ್ರೊಫೊರೆಸಿಸ್) ತುಂಡಾದ ಡಿಎನ್‌ಎ ಹೊರಗೆ ಸರಿದು ಧೂಮಕೇತುವಿನ ಬಾಲದಂತೆ ಕಾಣುತ್ತದೆ. 1988ರಲ್ಲಿ ಎನ್. ಪಿ. ಸಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ಷಾರೀಯ ವಿಧಾನದಲ್ಲಿ ಬಾಲವು ತೋರಿಸುವುದು, ಕೋಶವನ್ನು ಲೈಸಿಸ್‌ಗೆ ಹಾಕಿದ ಹೊತ್ತಿಗೆ ಡಿಎನ್‌ಎ ಎಳೆ ಎಷ್ಟು ಕಡೆ ತುಂಡಾಗಿತ್ತು ಮತ್ತು ಎಷ್ಟು ಕಡೆ ಕ್ಷಾರ ತಾಗಿದರೆ ತುಂಡಾಗುವಂತಿತ್ತು ಎಂಬುದನ್ನು ಮಾತ್ರ. ತುಂಡು ಮಾಡಿದ್ದು ಕಿರಣವೋ ಕೋಶವೋ ಎಂಬುದನ್ನು ಅದು ಹೇಳುವುದಿಲ್ಲ.

ಯುವಿ-ಸಿ (ಕಿರುತರಂಗದ ಯುವಿ) ಕಿರಣದ ಮುಖ್ಯ ಹಾನಿ ಎಳೆ ತುಂಡಾಗುವುದಲ್ಲ, ಅಕ್ಕಪಕ್ಕದ ಪಿರಿಮಿಡಿನ್‌ಗಳು (ಡಿಎನ್‌ಎಯ ಟಿ, ಸಿ ಅಕ್ಷರಗಳು) ಬೆಸೆದು ಡೈಮರ್ ಎಂಬ ಜೋಡಿ ಆಗುವುದು. ಎಕ್ಸಿಷನ್ ದುರಸ್ತಿಯು ಡೈಮರಿನ ಎರಡೂ ಬದಿಯಲ್ಲಿ ಎಳೆಯನ್ನು ಕತ್ತರಿಸಿ, ಸುಮಾರು 30 ನ್ಯೂಕ್ಲಿಯೊಟೈಡ್‌ಗಳ (ಡಿಎನ್‌ಎ ಘಟಕಗಳ) ತುಣುಕನ್ನು ತೆಗೆದು, ಖಾಲಿ ಜಾಗವನ್ನು ತುಂಬಿ, ಕೊನೆಗೆ ಲೈಗೇಸ್ ಕಿಣ್ವದಿಂದ ಬೆಸೆಯುತ್ತದೆ. ನೀವು ಕಂಡ ಬಾಲ ಬಹುಮಟ್ಟಿಗೆ ಈ ಕತ್ತರಿಯ ಗುರುತು. ಪೈಪು ಸರಿಪಡಿಸಲು ರಸ್ತೆ ಅಗೆದಿರುವುದನ್ನು ನೋಡಿ ಕೆಲಸದವರು ಬಂದೇ ಇಲ್ಲವೆಂದು ದೂರುವುದು ಸರಿಯೇ? ಬಿಸಿಲಿಗೆ ಚರ್ಮ ಬೇಗ ಹಾಳಾಗುವ ಆನುವಂಶಿಕ ರೋಗವಾದ ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಇರುವವರ ಕೋಶಗಳಲ್ಲಿ ಈ ದುರಸ್ತಿ ಕುಂದಿರುವುದನ್ನು ಜೇಮ್ಸ್ ಕ್ಲೀವರ್ 1968ರಲ್ಲೇ ತೋರಿಸಿದ್ದರು. ಆ ರೋಗದ ‘ಎ’ ಗುಂಪಿನ ಕೋಶಗಳು ಕತ್ತರಿಸುವ ಹಂತವನ್ನೇ ತಲುಪದ ಕಾರಣ ಅವುಗಳಲ್ಲಿ ಇಂಥ ಬಾಲ ಮೂಡುವುದು ತೀರಾ ಕಡಿಮೆ. ನಿಮ್ಮ ತರ್ಕವನ್ನು ಒಪ್ಪಿದರೆ ಅವೇ ಅತ್ಯಂತ ಆರೋಗ್ಯವಂತ ಕೋಶಗಳಾಗಬೇಕು!

ಹಾಗಾದರೆ ಅಳೆಯುವುದು ಹೇಗೆ? ಒಂದೇ ಹೊತ್ತಿನ ಸ್ಲೈಡ್ ಸಾಲದು. ಬೇರೆ ಬೇರೆ ಅವಧಿಗೆ ತೆಗೆದ ಕೋಶಗಳಿಗೆ ಲೈಸಿಸ್ ಆದ ಮೇಲೆ ಟಿ4 ಎಂಡೊನ್ಯೂಕ್ಲಿಯೇಸ್ V ಎಂಬ ಕಿಣ್ವ ಹಾಕಿದರೆ, ಉಳಿದಿರುವ ಡೈಮರ್‌ಗಳ ಬಳಿ ಎಳೆ ತುಂಡಾಗುತ್ತದೆ. ಕಿಣ್ವ ಹಾಕದ ಸ್ಲೈಡಿಗಿಂತ ಹೆಚ್ಚಾಗಿ ಕಂಡ ಬಾಲವು ಗಂಟೆ ಕಳೆದಂತೆ ಕುಗ್ಗಿದರೆ ದುರಸ್ತಿ ನಡೆದಿದೆ. ಸಾಯುತ್ತಿರುವ ಕೋಶಗಳೂ ಬಾಲ ಬಿಡುತ್ತವೆ, ಆದ್ದರಿಂದ ಜೀವಂತಿಕೆಯ ಪರೀಕ್ಷೆಯನ್ನು ಬಿಡಬೇಡಿ.

ನೀವು ಕೇಳದಿದ್ದರೂ ಹೇಳುತ್ತೇನೆ: ಬಾಲ ಕುಗ್ಗಿತೆಂದರೆ ತುದಿಗಳು ಸೇರಿವೆ ಎಂದಷ್ಟೇ ಅರ್ಥ, ಸರಿಯಾಗಿ ಸೇರಿವೆಯೇ ಎಂಬುದಕ್ಕೆ ಬೇರೆ ವಿಧಾನ ಬೇಕು. ಎರಡೂ ಎಳೆ ತುಂಡಾದಾಗ ಮರುಸಂಯೋಜನೆಯನ್ನು (ಇನ್ನೊಂದು ಪ್ರತಿಯನ್ನು ನೋಡಿ ಸರಿಪಡಿಸುವುದನ್ನು) ಅಳೆಯಲು ಮರಿಯಾ ಜೇಸಿನ್ ಅವರ ಪ್ರಯೋಗಾಲಯ 1999ರಲ್ಲಿ ವರದಿ ಮಾಡಿದ ಡಿಆರ್-ಜಿಎಫ್‌ಪಿ ವ್ಯವಸ್ಥೆ ಇದೆ. ಹಸಿರಾಗಿ ಹೊಳೆಯುವ ಪ್ರೋಟೀನಿನ (ಜಿಎಫ್‌ಪಿ) ಕೆಟ್ಟ ವಂಶವಾಹಿಯನ್ನು ನಿಗದಿತ ಜಾಗದಲ್ಲಿ ಕತ್ತರಿಸಿದ ಮೇಲೆ, ಪಕ್ಕದ ಪ್ರತಿಯನ್ನು ಮಾದರಿಯಾಗಿಟ್ಟುಕೊಂಡು ಸರಿಪಡಿಸಿದ ಕೋಶ ಮಾತ್ರ ಹಸಿರಾಗಿ ಹೊಳೆಯುತ್ತದೆ. ಹಸಿರಾಗದ ಕೋಶಗಳಲ್ಲಿ ದುರಸ್ತಿಯೇ ಆಗಿಲ್ಲವೆಂದು ಮಾತ್ರ ದಯವಿಟ್ಟು ಬರೆಯಬೇಡಿ. ಅವು ತುದಿಗಳನ್ನು ನೇರವಾಗಿ ಬೆಸೆದುಕೊಂಡಿರಬಹುದು, ಅಥವಾ ಕತ್ತರಿಸುವ ಕಿಣ್ವವೇ ಅವುಗಳೊಳಗೆ ಹೋಗಿರಲಿಕ್ಕಿಲ್ಲ.